ಹ್ಯಾಂಡ್ ಬ್ರೇಕಿಗೆ ಹೊರಸಿನ ಬಿಗಿ

ಮಲಗುವ ಹೊರಸಿಗೆ ಹಗ್ಗ ಬಿಗಿಯುವುದರಲ್ಲಿ ನಮ್ಮ ಮನೆತನಕ್ಕೆ ಹಳೇ ಹುಬ್ಬಳ್ಳಿಯಲ್ಲಿ ಸರಿಸಾಟಿ ಇರಲಿಲ್ಲ. ನಾವು ಬಿಗಿದ ಹೊರಸಿನ ಮೇಲೆ ಕಡಲೆಕಾಳು ಎಸೆದರೆ ಪುಟಿಯಬೇಕು. ಆದ್ದರಿಂದ ನಾನು ಕೆಲಸ ಕಲಿಯುತ್ತಿದ್ದ ಮೋಟಾರು ಜೋಡಿಸುವ ಶೆಡ್ಡಿನ ಉಸ್ತಾದ ಇಮಾಮಸಾಬರು ಹೊಸ ಬಸ್ಸಿನ ಹ್ಯಾಂಡ್ ಬ್ರೇಕಿನ ತಂತಿ ಕೂಡಿಸುವ ಕೆಲಸವನ್ನು ನನಗೆ ಒಪ್ಪಿಸಿದಾಗ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ದಿನ ಯಾಕೆ ತಡಮಾಡಿದರೋ!

“ಇದು ನೆಟ್ಟಗಾದ್ರ ನಾಳಿಂದ ನೀ ಮಿಸ್ತ್ರಿ,” ಎಂದರು ಉಸ್ತಾದರು. “ಬ್ರೇಕಿನ ಹಿಡಿ ಕೆಳಗಿದ್ದಾಗ ತಂತಿ ಒಂಚೂರು ಸಡ್ಲ ಇರಬೇಕು, ಇಲ್ಲಾಂದ್ರ ಗಾಲಿ ಹಿಡಕೋತೈತಿ. ಗಾಲಿ ಎತ್ತಿ ಕೈಲೆ ತಿರುವಿ ನೋಡು.”

ಸಡಿಲ ಎಂಬ ಮಾತನ್ನು ನಮ್ಮ ಮನೆಯಲ್ಲಿ ಬೈಗುಳಕ್ಕೆ ಮಾತ್ರ ಬಳಸುತ್ತೇವೆ. ಬಸ್ಸಿನ ಅಡಿಗೆ ಮಲಗಿ, ಮೀಟಿದರೆ ಟಣ್ ಎನ್ನುವವರೆಗೆ ತಂತಿ ಬಿಗಿದೆ. ಗಾಲಿ ತಿರುವಿ ನೋಡಲಿಲ್ಲ. ಹೊರಸಿಗೆ ಗಾಲಿ ಇರುವುದಿಲ್ಲವಲ್ಲ.

ಮಿಸ್ತ್ರಿಯಾಗುವ ಸುದ್ದಿಯನ್ನು ಹೆಂಡತಿ ಗಂಗವ್ವನಿಗೆ ಸಾರಿದೆ.

“ಛಲೋ ಆತು ಬಿಡ್ರಿ. ನಮ್ಮ ಹೊರಸು ಯಾವಾಗ ಬಿಗೀತೀರಿ? ಮಲಗಿದ್ರ ಬೆನ್ನು ನೆಲಕ್ಕ ಹತ್ತತೈತಿ.”

ದೊಡ್ಡ ಮನುಷ್ಯರಿಗೆ ಇಂಥ ಮಾತು ಕೇಳಿಸುವುದಿಲ್ಲ.

ಮರುದಿನ ಬಸ್ಸಿಗೆ ಪೂಜೆ. ಬಸ್ಸಿನ ಸಾವುಕಾರರ ತಾಯಿ ನಾಲ್ಕೂ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟರು. ಡ್ರೈವರ್ ಹಿಡಿ ಇಳಿಸಿ ಗೇರು ಹಾಕಿದ. ಬಸ್ಸು ಒಮ್ಮೆ ನಡುಗಿ ನಿಂತಿತು. ನಿಂಬೆಹಣ್ಣುಗಳಿಗೆ ಏನೂ ಆಗಲಿಲ್ಲ.

“ಯಾರದೋ ಕಣ್ಣು ಬಿದ್ದೈತಿ,” ಎಂದರು ಅಜ್ಜಿ. ತೆಂಗಿನಕಾಯಿ ಒಡೆದರು, ಕುಂಬಳಕಾಯಿ ಒಡೆದರು. ಎಂಟು ಜನ ನೂಕಿದೆವು. ಎಲ್ಲರಿಗಿಂತ ಜೋರಾಗಿ ನೂಕಿದವನು ನಾನೇ. ಬಸ್ಸು ಅಲುಗಲಿಲ್ಲ.

ಉಸ್ತಾದರು ಬಗ್ಗಿ ತಂತಿ ಮೀಟಿದರು. ಟಣ್! ಎದ್ದು ನನ್ನ ಮುಖ ನೋಡಿದರು.

“ಯಾರು ಮಾಡ್ಯಾರ ಇದನ್ನ?” ಸಾವುಕಾರರು ಗುಡುಗಿದರು.

“ನಾನ ರೀ. ನನ್ನ ಕೈ ತಪ್ಪೈತಿ,” ಎಂದರು ಉಸ್ತಾದರು.

ಇಡೀ ಹುಬ್ಬಳ್ಳಿಯೇ ಕೈಯೆತ್ತಿ ಮುಗಿಯುತ್ತಿದ್ದ ಉಸ್ತಾದರು ನನ್ನ ಸಲುವಾಗಿ ತಲೆ ತಗ್ಗಿಸಿ ನಿಂತಿದ್ದರು. ಭೂಮಿ ಬಾಯಿಬಿಡಬಾರದೇ ಎನಿಸಿತು.

“ಅಲ್ರಿ ಸಾವುಕಾರ್ರ, ಬಿಗಿದಾಂವ ನಾನು,” ಎಂದೆ. ನನ್ನ ಮಿಸ್ತ್ರಿಗಿರಿ ಶುರುವಾಗುವ ಮೊದಲೇ ಅಲ್ಲಿಗೆ ಮುಗಿಯಿತು.

ಉಸ್ತಾದರು ತಂತಿಯ ನಟ್ಟನ್ನು ನಾಲ್ಕು ಸುತ್ತು ಸಡಿಲ ಬಿಟ್ಟರು. ಬಸ್ಸು ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಉಣಕಲ್ ದಾರಿ ಹಿಡಿಯಿತು. ಅವರು ಕೈ ಒರೆಸಿಕೊಳ್ಳುತ್ತ ಹೇಳಿದರು: “ನಿನ್ನ ಕೈ ಕೆಟ್ಟದ್ದಲ್ಲೋ. ನಾಳೆ ನಮ್ಮ ಮನಿಗೆ ಬಾ. ಎರಡು ಹೊರಸು ಅದಾವ.”

ಹೋಗಿ ಬಿಗಿದೆ. ಕಾಳು ಪುಟಿಯಿತು. ಶಾಬಾಸ್ ಅನ್ನಿಸಿಕೊಂಡು ಬಂದು ನಮ್ಮ ಹೊರಸಿನ ಮೇಲೆ ಒರಗಿದೆ. ಬೆನ್ನು ನೆಲಕ್ಕೆ ಹತ್ತಿತು.

“ಒಂಚೂರು ಸಡ್ಲ ಇರಬೇಕಂತ ಉಸ್ತಾದ್ರ ಹೇಳ್ಯಾರ,” ಎಂದೆ.

ಗಂಗವ್ವ ಹಗ್ಗದ ಸಿಂಬಿ ತಂದು ನನ್ನ ಹೊಟ್ಟೆಯ ಮೇಲಿಟ್ಟು ಒಳಗೆ ಹೋದಳು.