ನಮ್ಮ ಹುಡುಗಿಯ ಮೂಗಿನ ವಿಚಾರ

ಕಮ್ಮನಹಳ್ಳಿಯ ನಮ್ಮ ಬೀದೀಲಿ ಯಾರನ್ನ ಬೇಕಾದ್ರೂ ತಗೊಳ್ಳಿ, ಒಂದಲ್ಲ ಒಂದು ವಿಚಿತ್ರ ಅಭ್ಯಾಸ ಇದ್ದೇ ಇರುತ್ತೆ. ಏನೂ ನಡೀದೇ ಒಂದು ವಾರ ಕಳೆದ್ರೆ ನನಗೇ ಗಾಬರಿ, ಎಲ್ಲರೂ ಹುಷಾರಾಗಿದ್ದಾರಾ ಅಂತ. ಆದ್ರೆ ನೋಡಿ, ಒಂದೇ ಅಭ್ಯಾಸಕ್ಕೆ ಆಳು ನೋಡಿ ಹೆಸರಿಡ್ತೀವಿ. ಗಂಡನದ್ದಾದ್ರೆ ಸ್ವಭಾವ, ಮೈದುನನದ್ದಾದ್ರೆ ಚಾಳಿ, ಆಫೀಸಿನ ಸಾಹೇಬರದ್ದಾದ್ರೆ ಶಿಸ್ತು, ಬಾಡಿಗೆಯವರದ್ದಾದ್ರೆ ತಿಕ್ಕಲು. ಮದುವೆಗೆ ಬಂದ ಹುಡುಗಿಯದ್ದಾದ್ರೆ ಏನಂತಾರೆ? ಈ ಒಂದು ಪ್ರಶ್ನೆ ನನ್ನ ನಿದ್ದೆ ಕೆಡಿಸಿತ್ತು.

ಬೀಗ

ನಮ್ಮ ಮಹಡಿ ಮನೇಲಿ ಕಲಬುರಗಿ ಕಡೆಯ ಗಂಡ ಹೆಂಡತಿ ಬಾಡಿಗೆಗಿದ್ದಾರೆ. ಇಬ್ಬರೂ ಕೆಲಸಕ್ಕೆ ಹೋಗೋರು. ಗಂಡ ಬೀಗ ಹಾಕಿ ಎಳೀತಾರೆ. ಮೆಟ್ಟಿಲಿಳಿದು, ಮತ್ತೆ ಹತ್ತಿ, ಮತ್ತೆ ಎಳೀತಾರೆ. ಒಂದು ಸಲ ಬೈಯಪ್ಪನಹಳ್ಳಿ ಮೆಟ್ರೋ ತನಕ ಹೋದವರು ವಾಪಸ್ ಬಂದು ಎಳೆದು ಹೋದ್ರು.

"ಇದು ಗೀಳು ಕಣಮ್ಮ" ಅಂದೆ ಅವರ ಹೆಂಡತಿಗೆ.

"ಗೀಳಲ್ರೀ ಅಕ್ಕಾರ, ಜ್ವಾಕಿ" ಅಂದ್ಲು, ಜೋಪಾನ ಅನ್ನೋದಕ್ಕೆ ಅವರ ಕಡೆ ಮಾತು. ಮುಖ ಊದಿಸ್ಕೊಂಡು ಹೋದ್ಲು ಕೂಡ.

ಮೊನ್ನೆ ಎಳೆದ ಎಳೆತಕ್ಕೆ ಬೀಗ, ಚಿಲಕ ಎರಡೂ ಕೈಗೇ ಬಂದ್ವು. ನನ್ನ ಬಾಗಿಲು ರೀ ಅದು! ಕೆಳಗಿನಿಂದಲೇ ಕಿರುಚಿದೆ. ಆ ಮನುಷ್ಯ ಚಿಲಕ ಎತ್ತಿ ತೋರಿಸಿ, ಬಹಳ ಸಮಾಧಾನದಿಂದ, "ನೋಡಿದ್ರಿಲ್ಲ? ಗಟ್ಟಿ ಇರಲಿಲ್ಲರೀ ಇದು!" ಅಂದ್ರು.

ಸೀರೆ

ಬೇರೆಯವರಿಗೆ ಹೆಸರಿಡೋದು ಸುಲಭ, ನಮ್ಮ ಮನೆಯದ್ದಕ್ಕೆ ಬಾಯಿ ಬರಲ್ಲ. ನನ್ನ ಮಗಳು ಎಲ್ಲಾನೂ ಮೂಸಿ ನೋಡ್ತಾಳೆ. ಹಾಲು, ಹೊದಿಕೆ, ಛತ್ರಿ, ಹೊಸ ಚಪ್ಪಲಿ, ಏನೂ ಬಿಡಲ್ಲ. ಕಲ್ಯಾಣ ನಗರದಲ್ಲಿ ಒಳ್ಳೆ ಕೆಲಸ, ಒಳ್ಳೆ ಹುಡುಗಿ, ಆದ್ರೆ ಮೂಗು ಸುಮ್ನಿರಲ್ಲ. ಹಿಂದೆ ಒಂದು ಸಂಬಂಧ ತಪ್ಪಿದ್ದೇ ಇದರಿಂದ. ಹುಡುಗನ ಸೋದರತ್ತೆ ಹೂ ಕೊಟ್ರೆ, ಹೂವಿನ ಜೊತೆ ಅವರ ಕೈಯನ್ನೂ ಮೂಸಿಬಿಟ್ಲು.

ಈಗ ಇನ್ನೊಂದು ಸಂಬಂಧ ಬಂದಿತ್ತು. ಮಗಳಿಗೂ ಹುಡುಗನ ಫೋಟೋ ಹಿಡಿಸಿತ್ತು. ಇದೂ ತಪ್ಪಿದ್ರೆ ಗತಿಯೇನು ಅಂತ ನನಗೆ ಚಿಂತೆ. ಸೀರೆ ತರೋಕೆ ಶಿವಾಜಿನಗರಕ್ಕೆ ಹೋದ್ವಿ. ಅಂಗಡಿಯವರು ಒಂದೊಂದೇ ಬಿಚ್ಚಿ ಹರಡ್ತಾ ಹೋದ್ರು, ಇವಳು ಒಂದೊಂದೇ ಸೆರಗು ಮೂಗಿಗೆ ಹಿಡಿದು "ಊಹೂಂ" ಅಂತಾ ಹೋದ್ಲು. ಕೊನೆಗೆ ಅವರು ಕೈಕಟ್ಟಿ ಕೂತು ಕೇಳಿದ್ರು: "ಅಮ್ಮಾ, ಸೀರೆ ಉಡೋದಕ್ಕಾ, ಒಗ್ಗರಣೆಗಾ?"

ವಿಚಾರಣೆ

ಹುಡುಗನ ಕಡೆಯವರು ಅಕ್ಕಪಕ್ಕ ವಿಚಾರಿಸ್ದೇ ಬಿಡಲ್ಲ, ಅದು ನಮಗೂ ಗೊತ್ತು. ಎದುರು ಮನೆ ತಮಿಳು ಅಜ್ಜಿ ಯಾವಾಗಲೂ ಗೇಟಿನಲ್ಲೇ ಕೂತಿರ್ತಾರೆ, ಕೇಳಿದ್ರೆ ಅವರನ್ನೇ ಕೇಳೋದು. ಒಂದು ಡಬ್ಬಿ ಪಾಯಸ ತಗೊಂಡು ಹೋದೆ.

"ಅಜ್ಜೀ, ಯಾರಾದ್ರೂ ಬಂದು ಕೇಳಿದ್ರೆ ಮೂಸೋ ವಿಷಯ ಮಾತ್ರ ಎತ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯೋ, ನಾನ್ಯಾಕೆ ಹೇಳ್ಲಿ ಮಾ? ಅದು ನಮ್ಮ ಮನೆ ಕೊಳಂದೆ" ಅಂದ್ರು. ಕೊಳಂದೆ ಅಂದ್ರೆ ಮಗು. ನನಗೆ ಕಣ್ಣಲ್ಲಿ ನೀರೇ ಬಂತು.

ಎರಡು ದಿನ ಬಿಟ್ಟು ಹುಡುಗನ ತಾಯಿಯೇ ಬಂದು ಅಜ್ಜಿ ಹತ್ರ ಮಾತಾಡಿ ಹೋದ್ರು. ನಾನು ಕಿಟಕಿ ಪರದೆ ಹಿಂದೆ ನಿಂತಿದ್ದೆ. ಅವರು ಆಟೋ ಹತ್ತಿದ್ದೇ ತಡ, ಓಡಿಹೋದೆ.

"ಏನಂದ್ರಿ ಅಜ್ಜೀ?"

"ನೀ ಹೇಳ್ದಂಗೇ ಮಾ! ತಂಗದಂಥ ಹುಡುಗಿ, ಬಂಗಾರ, ಒಂದು ಕುಂದಿಲ್ಲ ಅಂದೆ. ಮೂಸೋ ವಿಷಯ ಮಾತ್ರ ನನ್ನ ಕೇಳ್ಬೇಡಿ, ಅವರಮ್ಮ ಹೇಳ್ಬೇಡ ಅಂದವ್ರೆ ಅಂತಾನೂ ಹೇಳ್ದೆ."

ಹುಡುಗಿ ನೋಡೋ ಶಾಸ್ತ್ರ

ಇನ್ನು ಅವರು ಬಂದ ಹಾಗೇ ಅಂದ್ಕೊಂಡೆ. ಆದ್ರೂ ಬಂದ್ರು, ತಾಯಿ ಮಗ ಇಬ್ಬರೇ, ಶ್ರಾವಣದ ಶನಿವಾರ ಸಂಜೆ. ಆ ತಾಯಿ ಇಡೀ ಬೀದಿಗೇ ಕೇಳೋ ಹಾಗೆ ಮೊದಲೇ ಫೋನಿನಲ್ಲಿ ಹೇಳಿದ್ರು: "ಶ್ರಾವಣದಲ್ಲಿ ನನ್ನ ಮಗ ಈರುಳ್ಳೀನೂ ಮುಟ್ಟಲ್ಲ. ಶನಿವಾರ ಉಪವಾಸ ಬೇರೆ." ಅದಕ್ಕೇ ಬರೀ ಕೇಸರಿಬಾತು ಮಾಡಿದ್ದೆ.

ಮಗಳ ಮೂಗಿಗೆ ನೆಗಡಿ ಮುಲಾಮು ಬಳಿದು ಕೂರಿಸಿದ್ದೆ, ಏನೂ ವಾಸನೆ ಹತ್ತದೇ ಇರಲಿ ಅಂತ. ಅವಳು ಉರಿ ಅಂತ ತೊಳ್ಕೊಂಡು ಬಂದಿದ್ದು ನನಗೆ ಗೊತ್ತಾಗಿದ್ದು ಅವಳು ಕಾಫಿ ತಟ್ಟೆ ಹಿಡಿದು ಹುಡುಗನ ಮುಂದೆ ಬಗ್ಗಿದಾಗ. ಮೂಗಿನ ಹೊಳ್ಳೆ ಅರಳಿತು.

"ಲೇ, ಬೇಡ್ವೇ" ಅಂತ ಕಣ್ಣಲ್ಲೇ ಹೇಳಿದೆ. ಎಲ್ಲಿ ನೋಡ್ತಾಳೆ! ಇನ್ನೊಂದು ಸಲ ಎಳೆದು ಮೂಸಿದ್ಲು.

"ಕಬಾಬ್ ತಿಂದ್ಕೊಂಡು ಬಂದಿದ್ದೀರಾ?" ಅಂತ ಕೇಳೇಬಿಟ್ಲು. "ಇದ್ದಿಲ ಮೇಲೆ ಸುಟ್ಟಿದ್ದು. ಆಮೇಲೆ ಏಲಕ್ಕಿ ಅಗ್ದಿದ್ದೀರಿ."

ಮುಗೀತು, ಈ ಸಂಬಂಧಾನೂ ಹೋಯ್ತು ಅಂತ ನಾನು ಗೋಡೆಗೆ ಒರಗಿದೆ. ಆ ತಾಯಿ ಮಗನ ಕಡೆ ನಿಧಾನಕ್ಕೆ ತಿರುಗಿದ್ರು. "ಮನೆಗೆ ತಡವಾಗಿ ಬಂದು, ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡೆ ಅಂದ್ಯಲ್ಲೋ?" ಹುಡುಗ ಕಾಫಿ ಲೋಟದೊಳಗೇ ನೋಡ್ತಾ ಕೂತ. ಕಿವಿ ಎರಡೂ ಕೆಂಪಗಾಗಿದ್ವು.

ಆಕೆ ಎದ್ದು ಬಂದು ನನ್ನ ಎರಡೂ ಕೈ ಹಿಡ್ಕೊಂಡ್ರು. "ಪ್ರತಿ ಶ್ರಾವಣವೂ ನನಗೆ ಅನುಮಾನ ರೀ, ಒಂದು ಸಲಾನೂ ಕೈಗೆ ಸಿಕ್ಕಿಲ್ಲ ಇವನು. ಎದುರು ಮನೆಯವರು ಮೂಸೋ ವಿಷಯ ಅಂದಾಗಲೇ ಅಂದ್ಕೊಂಡೆ, ಇಂಥ ಸೊಸೆನೇ ಬೇಕು ಅಂತ. ನಮ್ಮ ಕಡೆಯಿಂದ ಪೂರ್ತಿ ಒಪ್ಪಿಗೆ!"

ನನಗೆ ಅಳು ನಗು ಎರಡೂ ಒಟ್ಟಿಗೆ ಬಂದು, ದೇವರ ಮನೆ ಕಡೆ ಓಡೋಕೆ ಹೊರಟಿದ್ದೆ. ಹುಡುಗ ಲೋಟ ಕೆಳಗಿಟ್ಟು, ಮಗಳಿಂದ ಒಂದು ಮಾರು ದೂರ ಸರಿದು ಕೂತು, ಸಣ್ಣ ದನೀಲಿ ಅಂದ:

"ಅಮ್ಮಾ, ಅವಸರ ಬೇಡ. ಇನ್ನೂ ನಾಲ್ಕು ಮನೇಲಿ ವಿಚಾರಿಸೋಣ."