ಮಣ್ಣು ಉಳಿಸಲು ಹೊರಟದ್ದು

ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಇಸವಿ ಎಪ್ಪತ್ತೈದರಲ್ಲೋ ಎಪ್ಪತ್ತಾರರಲ್ಲೋ ನಾನು ನಿಡೋಣಿಗೆ ಹೋದದ್ದು ನಿಜ. ಆದರೆ ಹೋಗುವಾಗ ಬಬಲೇಶ್ವರದ ಬಸ್ಸು ಬಿಟ್ಟು ತಿಕೋಟಾ ಬಸ್ಸು ಹತ್ತಿ ಕೂತಿದ್ದೆ ಎಂದು ಹೆಂಡತಿ ಹೇಳುತ್ತಾಳೆ. ನನ್ನ ನೆನಪಿನಲ್ಲಿ ನಾನು ಸರಿಯಾದ ಬಸ್ಸನ್ನೇ ಹತ್ತಿದ್ದೇನೆ. ಇಬ್ಬರ ಹತ್ತಿರವೂ ಟಿಕೆಟ್ ಇಲ್ಲ.

ಆಗ ನನಗೆ ಮೂವತ್ತಾರು. ವಿಜಾಪುರದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದೆ. ಹತ್ತು ವರ್ಷ ಅದೇ ನೋಟ್ಸು ಓದಿ ಹೇಳಿ, ಮನುಷ್ಯರೆಲ್ಲ ಸಾಯುತ್ತಾರೆ ಎಂಬುದನ್ನು ಬಿಟ್ಟು ಬೇರೇನನ್ನೂ ಖಚಿತವಾಗಿ ಹೇಳಲಾರದವನಾಗಿದ್ದೆ. ನೌಕರಿ ಬಿಟ್ಟು ಮತ್ತೆ ವಿದ್ಯಾರ್ಥಿಯಾಗುವ ಹುಚ್ಚು ಹತ್ತಿತು. ಎರಡು ಪದವಿಗಳ ಮಾಹಿತಿ ಪುಸ್ತಿಕೆ ತರಿಸಿದೆ: ಒಂದು ಅರಣ್ಯ ಸಂರಕ್ಷಣೆಯದು, ಇನ್ನೊಂದು ಮಣ್ಣಿನ ಸಂರಕ್ಷಣೆಯದು. ಇಬ್ರಾಹಿಂಪುರದ ಬಾಡಿಗೆ ಮನೆಯಲ್ಲಿ, ರೈಲು ಹೋದಾಗಲೆಲ್ಲ ಮೇಜಿನಿಂದ ಜಾರುತ್ತಿದ್ದ ಅವೆರಡನ್ನೂ ಎತ್ತಿಡುತ್ತ ವಾರಗಟ್ಟಲೆ ಯೋಚಿಸಿದೆ. ದೇಶದ ಹಿತ ನೋಡಿ ಮಣ್ಣನ್ನು ಆರಿಸಿದೆ ಎಂದು ಸಹೋದ್ಯೋಗಿಗಳಿಗೆ ಹೇಳಿದೆ. ಅರಣ್ಯದವರು ಎದೆಯ ಸುತ್ತಳತೆ ಕೇಳಿದ್ದರು, ಮಣ್ಣಿನವರು ಕೇಳಿರಲಿಲ್ಲ.

ಆದರೆ ಮೂವತ್ತು ದಾಟಿದ ಅಭ್ಯರ್ಥಿ ಹೊಲದಲ್ಲಿ ದುಡಿದಿದ್ದಾನೆಂದು ರೈತರೊಬ್ಬರು ಬರೆದುಕೊಡದೆ ಮಣ್ಣಿನವರು ಅರ್ಜಿ ಮುಟ್ಟುತ್ತಿರಲಿಲ್ಲ. ನಿಡೋಣಿಯ ಸೋದರಮಾವನ ಮುಂದೆ ಅರ್ಜಿ ಹಿಡಿದೆ.

“ನೀ ಯಾವಾಗ ದುಡದೀಲೇ ಮಾಸ್ತರ? ಸುಳ್ಳ ಬರದು ಸಹಿ ಹಾಕಂಗಿಲ್ಲ ನಾ. ಒಂದ ಒಡ್ಡು ಹಾಕು, ಆಮ್ಯಾಲ ನೋಡೂಣು” ಎಂದರು.

ಮಣ್ಣು ಕೊಚ್ಚಿಹೋಗದಂತೆ ಹೊಲಕ್ಕೆ ಅಡ್ಡ ಹಾಕುವ ಒಡ್ಡಿಗೆ ಅವರದೊಂದು ಕ್ರಮವಿತ್ತು. ಮಳೆ ಸುರಿಯುವಾಗಲೇ ಕಂಬಳಿ ಹೊದ್ದು ಹೊಲದಲ್ಲಿ ನಿಂತು, ನೀರು ಹೋಗುವ ದಾರಿ ನೋಡಿ ಕಲ್ಲಿಟ್ಟು ಬರುವುದು. ಮಳೆ ನಿಂತ ಮೇಲೆ ಆ ಗುರುತು ನೋಡಿ ಒಡ್ಡು ಹಾಕುವುದು. ಹಿಂದಿನ ವರ್ಷ ಅವರಿಟ್ಟ ಕಲ್ಲುಗಳ ಸಾಲು ಡೊಂಕುಡೊಂಕಾಗಿತ್ತು. ನಾನು ಹಗ್ಗ ಎಳೆದು ನೆಟ್ಟಗೆ ಗೆರೆ ಹಾಕಿದೆ.

“ಹೋದ ವರ್ಷ ನೀರು ಇಲ್ಲಿ ಹರೀತು ಅಂದ್ರ ಈ ವರ್ಷಾನೂ ಇಲ್ಲೇ ಹರೀತೈತಿ ಅನ್ನೂದಕ್ಕ ಏನ ಆಧಾರ, ಮಾವಾ?”

“ನೀರಿಗೆ ನಿನ್ನಷ್ಟ ಓದ ಇಲ್ಲಪಾ. ತಗ್ಗ ಕಂಡಲ್ಲೆ ಹೋಗತೈತಿ.”

ಎಂಟು ದಿನ ಅಗೆದೆ. ಅಂಗೈಯಲ್ಲಿ ಬೊಕ್ಕೆ ಎದ್ದವು. ಅತ್ತೆ ಎಣ್ಣೆ ಹಚ್ಚುತ್ತ, “ಇದ್ದ ನೌಕರಿ ಬ್ಯಾಡಾಗೇತೇನಪಾ ನಿನಗ? ಫ್ಯಾನಿನ ಕೆಳಗ ನಿಂತ ಮಾತಾಡಿದ್ರ ಪಗಾರ ಕೊಡ್ತಾರ, ಇನ್ನೇನ ಬೇಕು!” ಎಂದರು. ಒಂಬತ್ತನೆಯ ದಿನ ಮಳೆ ಬಂತು. ನೆಟ್ಟಗಿನ ಒಡ್ಡು ನಟ್ಟನಡುವೆ ಒಡೆದು, ಅದರ ಮಣ್ಣೆಲ್ಲ ಪಕ್ಕದವರ ಹೊಲ ಸೇರಿತು. ಸಂರಕ್ಷಣೆಯಾದದ್ದು ನಿಜ, ಬೇರೆಯವರಿಗೆ.

ಮಾವ ಸಹಿ ಹಾಕಲಿಲ್ಲ, ಅದಕ್ಕೇ ನಾನು ತರ್ಕ ಕಲಿಸುತ್ತಲೇ ನಿವೃತ್ತನಾದೆ ಎಂದು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಬಂದೆ. ಅವರು ಅಡ್ಡಡ್ಡ ತಲೆಯಾಡಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೊನ್ನೆ ನೆಂಟರೆದುರು ಹೆಂಡತಿ, “ಪಾಪ, ಅವರ್ಯಾಕ ಒಲ್ಲೆ ಅಂದಾರು? ಬರದು ಕೊಟ್ಟಿದ್ರಲ್ರಿ” ಎಂದುಬಿಟ್ಟಳು. ಅವಳನ್ನು ಸೋಲಿಸಲೆಂದೇ ಟ್ರಂಕು ತೆಗೆದೆ. ಅರ್ಜಿ ಸಿಕ್ಕಿತು. ಮಾವನ ದುಂಡಗಿನ ಅಕ್ಷರ: “ಇವ ಎಂಟ ದಿನ ದುಡದಾನ. ಒಡ್ಡು ಹಾಕ್ಯಾನ, ಒಡದೈತಿ. ಕಲಿಸಿದ್ರ ಕಲೀತಾನ.” ಕೆಳಗೆ ಅವರ ಸಹಿ.

ಕನ್ನಡಕ ಒರೆಸಿಕೊಂಡು ಪುಟ ತಿರುವಿದೆ. ಅರ್ಜಿದಾರನ ಸಹಿಯ ಜಾಗ ಖಾಲಿಯಿತ್ತು.