ಬಾಲವಿದ್ದ ಸಮೀಕರಣ

ಮೇಷ್ಟ್ರ ಅಂಗಿಯ ಗುಂಡಿಯೊಂದು ಕಿತ್ತು ಬಂದದ್ದೇ ಇಷ್ಟಕ್ಕೆಲ್ಲ ಕಾರಣ. "ಅಲ್ಲಾಡಬೇಡಿ, ಸೂಜಿ ಚುಚ್ಚೀತು" ಎಂದು ಹೆಂಡತಿ ಅಂಗಿ ಮೈಮೇಲಿದ್ದ ಹಾಗೆಯೇ ಹೊಲಿಯತೊಡಗಿದಳು. ಏಳು ವರ್ಷ ತಲೆ ಕೆರೆದುಕೊಂಡರೂ ಸಿಗದ ಉತ್ತರ, ಮೇಷ್ಟ್ರು ಹೀಗೆ ಕಂಬದಂತೆ ನಿಂತ ಐದು ನಿಮಿಷದಲ್ಲಿ ಹೊಳೆದುಬಿಟ್ಟಿತು.

"ಸಿಕ್ತು ಕಣೇ!"

"ಗುಂಡಿನಾ? ನನ್ ಕೈಲೇ ಇದೆಯಲ್ಲ."

ಮೇಷ್ಟ್ರು ಇದ್ದದ್ದು ಗುರುತ್ವದ ಸಂಶೋಧನಾಲಯದಲ್ಲಿ. ಲೋಕವೆಲ್ಲ ಒಪ್ಪಿದ ಗುರುತ್ವ ಸಿದ್ಧಾಂತ ಅಲ್ಲಿನ ನಿರ್ದೇಶಕರಿಗೆ ಸಾಲದು. ಅದರ ಸಮೀಕರಣಕ್ಕೆ ಇನ್ನೊಂದು ಪದ ಅಂಟಿಸಿ ಬದಲಿ ಸಿದ್ಧಾಂತ ಕಟ್ಟಿದ್ದರು. ಆ ಪದಕ್ಕೆ ಎಲ್ಲರೂ ಬಾಲ ಎನ್ನುತ್ತಿದ್ದರು. ಕಂಪ್ಯೂಟರು ಸುಮಾರಿನ ಉತ್ತರ ಕೊಡುತ್ತಿತ್ತು. ನಿರ್ದೇಶಕರಿಗೆ ಬೇಕಾದದ್ದು ಕಾಗದದ ಮೇಲೆ ಪೂರ್ತಿ ಬರೆದು ಮುಗಿಸುವಂಥ ಖಚಿತ ಉತ್ತರ. ಅದಕ್ಕೆಂದೇ ಮೇಷ್ಟ್ರನ್ನು ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದರು. ಅವತ್ತು ನಾಲ್ಕು ಗಂಟೆಗೆ ಸಮಿತಿ ಸೇರಿ, ಇವರನ್ನು ಉಳಿಸಿಕೊಳ್ಳುವುದೋ ಬಿಡುವುದೋ ತೀರ್ಮಾನಿಸುವುದಿತ್ತು. ಮನೆಯಲ್ಲಿ ಇಬ್ಬರು ಮಕ್ಕಳು, ಮೇಲೊಬ್ಬರು ಮಾವ. ಮಾವನಿಗೋ "ತಾತ್ಕಾಲಿಕ" ಎಂದರೆ ಮೈಯೆಲ್ಲ ಉರಿ.

ಮೇಷ್ಟ್ರು ಸಂಶೋಧನಾಲಯಕ್ಕೆ ಓಡೋಡಿ ಬಂದು ಪಡಸಾಲೆಯ ಕರಿಹಲಗೆಯ ಮೇಲೆ ಉತ್ತರ ಬರೆದು, ಸೀಮೆಸುಣ್ಣದ ಕೈ ತೊಳೆಯಲು ಹೋದರು. ಹೋಗಬಾರದಿತ್ತು ನೋಡಿ. ಅಷ್ಟರಲ್ಲಿ, ಮೇಷ್ಟ್ರ ಹಾಗೆಯೇ ಇನ್ನೊಂದು ಸಮೀಕರಣ ಬಿಡಿಸಲೆಂದು ಅಲ್ಲಿದ್ದ ಸೊನ್ನೆರಾಯರು ಆ ದಾರಿಯಲ್ಲಿ ಬಂದರು. ಕಷ್ಟವಾದದ್ದನ್ನೆಲ್ಲ ಸೊನ್ನೆ ಅಂತ ಹಿಡಿಯುವುದು ಈ ಪುಣ್ಯಾತ್ಮರ ಇಪ್ಪತ್ತು ವರ್ಷದ ಪದ್ಧತಿ. ಉತ್ತರದಲ್ಲಿ ಬಾಲದ ಭಾಗ ಉದ್ದವಾಯಿತೆಂದು ಅದನ್ನು ಒರೆಸಿ, ಪರೋಪಕಾರ ಮಾಡಿದ ತೃಪ್ತಿಯಲ್ಲಿ ಮುಂದೆ ನಡೆದರು.

ಹಿಂದೆಯೇ ಬಂದವರು ಶಂಕೆ ಮೇಡಂ. "ಅಯ್ಯೋ, ಇದು ಹಳೇ ಸಿದ್ಧಾಂತದ ಉತ್ತರಾನೇ! ಕಾಲೇಜು ಮಕ್ಕಳ ಪುಸ್ತಕದಲ್ಲೂ ಇದೆ!"

ಮೇಷ್ಟ್ರು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಸುದ್ದಿ ಮೂರು ಕೋಣೆ ದಾಟಿತ್ತು. ಕಾಫಿ ತರುವವನೂ ಅಯ್ಯೋ ಪಾಪ ಅನ್ನುವ ಮುಖ ಮಾಡಿದ. ಮೇಷ್ಟ್ರು ಹಲಗೆ ನೋಡಿ ಕೂಗಿಯೇಬಿಟ್ಟರು.

"ಬಾಲ ಎಲ್ರೀ?"

"ನಾನೇ ಒರೆಸ್ದೆ," ಎಂದರು ಸೊನ್ನೆರಾಯರು. "ಈಗ ನೋಡಿ, ಎಷ್ಟು ಲಕ್ಷಣವಾಗಿದೆ!"

ಗಾಬರಿಗೆ ಬಾಲದ ಲೆಕ್ಕ ಮರೆತೇಹೋಗಿತ್ತು. ಮೇಷ್ಟ್ರು ಮೊದಲಿನಿಂದ ಮಾಡುತ್ತ ಕೂತರು. ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಆರಿತು. ಬಾಲವೇನೋ ಬಂತು. ಮೇಡಂ ಬಿಡಬೇಕಲ್ಲ!

"ಬಾಲ ಇದ್ರೇನಂತೆ? ಒಂದೇ ಮನೆಗೆ ಬಾವಿ ಕಡೆಯಿಂದ ದಾರಿ ಹೇಳಿದ್ರೆ ಒಂಥರಾ, ಅಂಚೆ ಕಚೇರಿ ಕಡೆಯಿಂದ ಹೇಳಿದ್ರೆ ಇನ್ನೊಂಥರಾ. ಮನೆ ಅದೇ ಅಲ್ವಾ? ನಿಮ್ದೂ ಹಳೇ ಉತ್ತರಾನೇ, ಬೇರೆ ಕಡೆಯಿಂದ ಅಳೆದಿದೀರಿ ಅಷ್ಟೆ."

ಮಾತಿನಲ್ಲಿ ನ್ಯಾಯವಿತ್ತು, ಅದೇ ಹೊಟ್ಟೆ ಉರಿಸಿದ್ದು. ಎಲ್ಲಿಂದ ಅಳೆದರೂ ಬದಲಾಗದ ಸಂಖ್ಯೆಯೊಂದಿದೆ, ಅದು ಬೇರೆ ಬಂದರೆ ಮನೆಯೇ ಬೇರೆ. ಇಬ್ಬರೂ ಎದುರುಬದುರು ಕೂತು ಲೆಕ್ಕ ಹಾಕಿದರು. ಮೇಡಂ ಮೂರು ಸಲ ತಪ್ಪು ಹುಡುಕಿ, ಮೂರು ಸಲವೂ ಸೋತು, ಮೂರೂಮುಕ್ಕಾಲಿಗೆ ಕನ್ನಡಕ ತೆಗೆದರು.

"ಹೊಸದೇ ಕಣ್ರೀ. ಭೇಷ್! ನಡೀರಿ, ನಾನೇ ಬಂದು ಹೇಳ್ತೀನಿ."

ಮೇಷ್ಟ್ರಿಗೆ ಹೋದ ಜೀವ ಬಂದ ಹಾಗಾಯಿತು. ಕಣ್ಣು ತುಂಬಿ ಬಂತು ಪಾಪ, ಮೇಡಂ ಕೈಯನ್ನೇ ಎರಡು ಸಲ ಕುಲುಕಿದರು.

ಸಮಿತಿಯಲ್ಲಿ ನಿರ್ದೇಶಕರು ಎದ್ದು ಬಂದು ಅಪ್ಪಿಕೊಂಡರು. "ನನ್ನ ಸಿದ್ಧಾಂತ ಬದುಕಿತಯ್ಯಾ!" ಎಲ್ಲರೂ ಚಪ್ಪಾಳೆ ತಟ್ಟಿದರು. ಕಚೇರಿಯ ಅಧಿಕಾರಿಯೂ ತಟ್ಟಿ, ಕಡತ ಬಿಡಿಸಿದರು.

"ಬಹಳ ಸಂತೋಷ. ಈ ಹುದ್ದೆ ಮಂಜೂರಾಗಿದ್ದು ಉತ್ತರ ಸಿಗೋವರೆಗೆ. ಸಿಕ್ತಲ್ಲ, ಯೋಜನೆ ಯಶಸ್ವಿಯಾಗಿ ಮುಕ್ತಾಯ ಅಂತ ಬರೀತೀನಿ. ನಾಳೆಯಿಂದ ನೀವು ಬರೋದು ಬೇಡ."

ಮೇಷ್ಟ್ರು ಕಡತದೊಳಗೆ ಇಣುಕಿದರು. "ಮತ್ತೆ... ಸೊನ್ನೆರಾಯರ ಹುದ್ದೆ?"

"ಅವರ ಸಮೀಕರಣ ಇನ್ನೂ ಬಿಡಿಸಿ ಆಗಿಲ್ಲವಲ್ಲ. ಅವರು ಬೇಕೇ ಬೇಕು."

ಮೇಷ್ಟ್ರು ಮೆಲ್ಲಗೆ ನಿರ್ದೇಶಕರತ್ತ ವಾಲಿದರು. "ಸಾರ್, ಅವಸರದಲ್ಲಿ ಎಲ್ಲೋ ತಪ್ಪಾಗಿರಬೇಕು. ಇನ್ನೊಂದೇಳು ವರ್ಷ ಟೈಮ್ ಕೊಟ್ರೆ ನಿಧಾನವಾಗಿ ನೋಡ್ತೀನಿ..."

"ಛೆ ಛೆ, ಎಂಥ ಸಂಕೋಚ ನಿಮ್ದು!" ಮೇಡಂ ಹೆಮ್ಮೆಯಿಂದ ಎದ್ದು ನಿಂತರು. "ಒಂದೇ ಒಂದು ತಪ್ಪಿಲ್ಲ ಸಾರ್. ನಾನೇ ಬರೆದು ಸಹಿ ಹಾಕಿ ಕೊಡ್ತೀನಿ!"